ವಾಹನದೊಳಗಣ ಮೂಷಿಕ

ಹೊಳಲ್ಕೆರೆಯ ಬಯಲು ಗಣಪತಿಯ ಮುಂದೆ ಕೈಮುಗಿದು ನಿಂತ ಮಕ್ಕಳು, ಇಷ್ಟು ದೊಡ್ಡ ದೇವರಿಗೆ ಇಲಿಯಂತಹ ಚಿಕ್ಕ ವಾಹನವೇಕೆಂದು ಕೇಳದೆ ಇರುವುದಿಲ್ಲ. ಹಿರಿಯರು ಇದಕ್ಕೆ ಎರಡು ಬಗೆಯ ಉತ್ತರಗಳನ್ನು ಹೇಳುವುದುಂಟು. ಇಲಿ ನುಗ್ಗದ ಸ್ಥಳವಿಲ್ಲ, ಕೊರೆಯದ ಅಡ್ಡಿಯಿಲ್ಲ. ಆದುದರಿಂದ ವಿಘ್ನಗಳನ್ನು ಭೇದಿಸುವ ದೇವರಿಗೆ ಅದೇ ತಕ್ಕ ವಾಹನವೆಂಬುದು ಒಂದು ಉತ್ತರ. ವಿಘ್ನವೇ ಮೂರ್ತಿವೆತ್ತು ಇಲಿಯಾಗಿರುವುದು. ಅದು ಎದ್ದು ಓಡಾಡದಂತೆ ದೇವರು ತನ್ನ ಭಾರವನ್ನೆಲ್ಲ ಅದರ ಬೆನ್ನಿನ ಮೇಲೆ ಹಾಕಿ ಕುಳಿತಿರುವನೆಂಬುದು ಇನ್ನೊಂದು. ಮೊದಲನೆಯದು ಪಂಡಿತರಿಗೆ ಪ್ರಿಯವಾದುದು. ಚಿತ್ರದುರ್ಗದ ಸೀಮೆಯಲ್ಲಿ ಕೊಟ್ಟಿಗೆಯೊಳಗೆ ಟ್ರಾಕ್ಟರನ್ನು ನಿಲ್ಲಿಸಿಕೊಂಡಿರುವ ಒಕ್ಕಲಿನವರಾದರೋ ಎರಡನೆಯದನ್ನೇ ನಂಬುವರು. ದೇವರನ್ನು ಹೊರಬೇಕಾದ ಪ್ರಾಣಿಯು ತಾನೇ ವಾಹನವೇರಿ ಕುಳಿತರೆ ಏನಾಗುವುದೆಂಬುದನ್ನು ಅವರು ಕಣ್ಣಾರೆ ಕಂಡವರು.

ಹೊಳಲ್ಕೆರೆಯಿಂದ ಹೊಸದುರ್ಗದ ಕಡೆಗೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ತುಸು ಒಳಗಿರುವ ಒಂದು ಗ್ರಾಮದಲ್ಲಿ, ನಿವೃತ್ತರಾದ ಉಪಾಧ್ಯಾಯರೊಬ್ಬರು ವಾಸವಾಗಿರುವರು. ಊರಿನವರ ಬಾಯಲ್ಲಿ ಅವರು ‘ಮೇಷ್ಟರು’; ಆ ಹೆಸರೇ ಇಲ್ಲಿಯೂ ಸಾಕು. ಅವರದು ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಕೈ. ಬೇಸಾಯವನ್ನು ನೋಡಿಕೊಳ್ಳುತ್ತಿದ್ದವನು ಮಗ. ಒಂದೂವರೆ ಎಕರೆ ಅಡಿಕೆಯ ತೋಟ, ಆರು ಎಕರೆ ಕೆಂಪುಮಣ್ಣಿನ ಖುಷ್ಕಿ. ಖುಷ್ಕಿಯಲ್ಲಿ ಮೆಕ್ಕೆಜೋಳ, ಒಂದಿಷ್ಟು ರಾಗಿ. ಮಗನು ಬ್ಯಾಂಕಿನ ಸಾಲದಿಂದ ಟ್ರಾಕ್ಟರನ್ನು ಕೊಂಡನು. ಮನೆಯ ಎತ್ತುಗಳನ್ನು ಮಾರಿದ ದಿನ ಮೇಷ್ಟರಿಗೆ ಊಟ ಸೇರಲಿಲ್ಲ. ಆದರೆ ನಾಲ್ಕು ದಿನದ ಉಳುಮೆಯನ್ನು ಯಂತ್ರವು ಒಂದೇ ಹಗಲಿನಲ್ಲಿ ಮುಗಿಸಿದ್ದನ್ನು ಕಂಡು ಸುಮ್ಮನಾದರು. ಆಮೇಲೆ ಎರಡು ವರ್ಷ ಮಳೆ ಕೈಕೊಟ್ಟಿತು. ಸಾಲದ ಕಂತು ಮಳೆಯನ್ನು ಕಾಯತಕ್ಕುದಲ್ಲವಷ್ಟೆ. ಮಗನು ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದನು. ಕಂತು ಅವನ ಸಂಬಳದಿಂದ ಸಲ್ಲತೊಡಗಿತು.

ಸಂಕ್ರಾಂತಿಯ ಮರುದಿನ ಅವನು ಹೊರಟನು. ಹೊರಡುವ ಮುಂಚೆ ಟ್ರಾಕ್ಟರು, ಬಿತ್ತುವ ಕೂರಿಗೆ, ಔಷಧಿ ಹೊಡೆಯುವ ಯಂತ್ರ, ತನ್ನ ಸ್ಕೂಟರು ಇವೆಲ್ಲವನ್ನೂ ಶೆಡ್ಡಿನಲ್ಲಿ ಸಾಲಾಗಿ ನಿಲ್ಲಿಸಿ, ಮೇಲೆ ಟಾರ್ಪಾಲು ಹೊದಿಸಿ, ಬೀಗದ ಕೈಯನ್ನು ತಂದೆಯ ಕೈಗೆ ಕೊಟ್ಟನು. “ಅಪ್ಪಾಜಿ, ವಾರಕ್ಕೆ ಒಂದು ಸಲ ಚಾಲೂ ಮಾಡಿ, ಕಣದಲ್ಲಿ ಎರಡು ಸುತ್ತು ಹೊಡೆಸಿಬಿಡಿ. ಅಷ್ಟು ಮಾಡಿದರೆ ಸಾಕು” ಎಂದನು. ಒಂದು ಮಧ್ಯಾಹ್ನವೆಲ್ಲ ಪಕ್ಕದಲ್ಲಿ ನಿಂತು ಕಲಿಸಿಯೂ ಕೊಟ್ಟಿದ್ದನು. ಮೇಷ್ಟರು ತಲೆಯಾಡಿಸಿದರು.

ಮೊದಲನೆಯ ವಾರ ಅವರು ಹೋಗಿ ಕೀಲಿ ತಿರುಗಿಸಿದ್ದು ನಿಜ. ಮುಚ್ಚಿದ ಶೆಡ್ಡಿನಲ್ಲಿ ಯಂತ್ರವು ಗರ್ಜಿಸಿದ ಕೂಡಲೆ ಎದೆ ಹೊಡೆದುಕೊಂಡು, ಆರಿಸಿ, ಹೊರಗೆ ಬಂದರು. ಎರಡನೆಯ ವಾರ ಬಾಗಿಲವರೆಗೆ ಹೋಗಿ ಮರಳಿದರು. ಆಮೇಲೆ ಹೋಗಲಿಲ್ಲ. ಭಾನುವಾರ ಭಾನುವಾರ ಮಗನು ಫೋನು ಮಾಡಿ, “ಗಾಡಿ ಹೇಗಿದೆ, ಅಪ್ಪಾಜಿ?” ಎಂದು ಕೇಳುವನು. “ಸರಿಯಾಗಿದೆಯಪ್ಪ” ಎಂದು ಇವರು ಹೇಳುವರು. ಹೊರಗಿನಿಂದ ನೋಡಿದವರಿಗೆ ಅದು ಸುಳ್ಳೆಂದು ತೋರುವಂತಿರಲಿಲ್ಲ. ಬೀಗ ಬೀಗದಂತೆ ಇದ್ದಿತು. ಟಾರ್ಪಾಲು ಹೊದಿಸಿದಂತೆಯೇ ಇದ್ದಿತು.

ಆ ಶೆಡ್ಡಿನಲ್ಲಿ ಇನ್ನೆರಡು ಸಂಗತಿಗಳಿದ್ದುವು. ಬೆಲೆ ಏರಲೆಂದು ಕಾದಿರಿಸಿದ ಮೆಕ್ಕೆಜೋಳದ ಚೀಲಗಳು ಟ್ರಾಕ್ಟರಿನ ಮಗ್ಗುಲಲ್ಲೇ, ಗೋಡೆಗೆ ಒತ್ತಿದಂತೆ, ಅಟ್ಟಿಯಾಗಿ ನಿಂತಿದ್ದುವು. ಮತ್ತು ಹಿಂದಿನ ಮಹಾನವಮಿಯ ಆಯುಧಪೂಜೆಯಲ್ಲಿ ಚೆಲ್ಲಿದ ಮಂಡಕ್ಕಿಯೂ ಒಡೆದ ತೆಂಗಿನಕಾಯಿಯ ಚೂರುಗಳೂ ಆಸನದ ಸಂದಿಯಲ್ಲಿ, ಪೆಟ್ಟಿಗೆಯ ಮೂಲೆಯಲ್ಲಿ ಹಾಗೆಯೇ ಉಳಿದಿದ್ದುವು. ಪೂಜೆಯ ಪ್ರಸಾದವನ್ನು ಗುಡಿಸಿಹಾಕಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಕತ್ತಲೆ, ನಿಶ್ಶಬ್ದ, ಹೊದಿಕೆ, ಮಗ್ಗುಲಲ್ಲಿ ಕಣಜ: ಇಲಿಗೆ ಇದಕ್ಕಿಂತ ಬೇರೆ ಅರಮನೆ ಬೇಕೆ?

ರೋಹಿಣಿ ಮಳೆ ಹದವಾಗಿ ಬಿದ್ದಿತು. ಮಗನು ನಾಲ್ಕು ದಿನದ ರಜೆ ಪಡೆದು ರಾತ್ರಿಯ ಬಸ್ಸಿನಲ್ಲಿ ಬಂದನು. ಬೆಳಕು ಹರಿಯುತ್ತಲೇ ಶೆಡ್ಡಿಗೆ ಹೋಗಿ ಟಾರ್ಪಾಲನ್ನು ಎಳೆದನು. ಮೂಗಿಗೆ ಹೊಡೆಯುವ ಒಂದು ನಾತ ಎದ್ದಿತು. ಕೀಲಿ ತಿರುಗಿಸಿದರೆ ಯಂತ್ರದಿಂದ ಒಂದು ಸಣ್ಣ ‘ಟಕ್’ ಎಂಬ ಶಬ್ದದ ಹೊರತು ಬೇರೇನೂ ಬರಲಿಲ್ಲ. ಹೊಳಲ್ಕೆರೆಯಿಂದ ಬಂದ ಮೆಕಾನಿಕ್ಕನು ಬಾನೆಟ್ಟನ್ನು ಎತ್ತಿದಾಗ ಕಂಡದ್ದು ಇದು: ಗಾಳಿಯನ್ನು ಸೋಸುವ ಡಬ್ಬಿಯ ತುಂಬ ಮೆಕ್ಕೆಜೋಳದ ಸಿಪ್ಪೆ, ಟಾರ್ಪಾಲಿನ ಚಿಂದಿ, ಆಸನದೊಳಗಿನ ಸ್ಪಂಜು, ಬ್ಯಾಟರಿಯ ಕೆಳಗೆ ಹಿಕ್ಕೆಯ ರಾಶಿ, ದೀಪಕ್ಕೂ ಸ್ಟಾರ್ಟರಿಗೂ ಹೋಗುವ ವೈರುಗಳ ಕಟ್ಟು ಮೂರು ಕಡೆ ತುಂಡಾಗಿ, ಉಳಿದ ಕಡೆ ಸುಲಿದ ಕಬ್ಬಿನಂತೆ ಬೆತ್ತಲೆ. ಸಿಪ್ಪೆಯ ನಡುವೆ ಇನ್ನೂ ಕಣ್ಣು ಬಿಡದ ಐದು ಮರಿಗಳು.

ಹೊಸ ವೈರುಗಳ ಕಟ್ಟು ದಾವಣಗೆರೆಯಿಂದ ಬರಬೇಕು. ಮೂರು ದಿನ ಹಿಡಿಯಿತು. ಕೆಂಪುಮಣ್ಣಿನ ಹದವೆಂದರೆ ಬಿಸಿಲು ಬಿದ್ದೊಡನೆ ಆರಿಹೋಗುವ ಹದ. ಊರಿನ ಬಾಡಿಗೆಯ ಟ್ರಾಕ್ಟರುಗಳಿಗೆಲ್ಲ ಮುಂಗಡ ಸಂದಿದ್ದಿತು. ನಾಲ್ಕನೆಯ ದಿನದ ಸಂಜೆ ಮಗನು ಬಿತ್ತದ ಹೊಲವನ್ನು ನೋಡುತ್ತ ಬಸ್ಸು ಹತ್ತಿದನು. ಮುಂದೆ ಮೃಗಶಿರಾ ಮಳೆ ಬಂದು, ಬಾಡಿಗೆಯ ಗಾಡಿ ಸಿಕ್ಕಿ, ಬಿತ್ತನೆಯಾಗುವುದರೊಳಗೆ ಹನ್ನೆರಡು ದಿನ ಕಳೆದುವು. ಹೋಗುವಾಗ ಮಗನು ತಂದೆಯನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಮೇಷ್ಟರಿಗೆ ಅಷ್ಟು ನೋವಾಗುತ್ತಿರಲಿಲ್ಲ.

ತನ್ನ ತಪ್ಪನ್ನು ಒಪ್ಪಿಕೊಳ್ಳಲಾರದ ಮನಸ್ಸಿಗೆ ಒಬ್ಬ ಶತ್ರು ಬೇಕಾಗುವನು. ಮೇಷ್ಟರಿಗೆ ಇಲಿಯೇ ಆ ಶತ್ರುವಾಯಿತು. ಮರುದಿನ ಸಂತೆಗೆ ಹೋಗಿ ಇಲಿಪಾಷಾಣವನ್ನು ತಂದು, ಕರಿದ ವಡೆಯ ಪುಡಿಯಲ್ಲಿ ಕಲಸಿ, ಉಂಡೆ ಕಟ್ಟಿ, ಶೆಡ್ಡಿನ ಮೂಲೆಮೂಲೆಯಲ್ಲಿ ಇಟ್ಟರು. ಮೊದಲನೆಯ ರಾತ್ರಿ ಎರಡು ಇಲಿಗಳು ಸತ್ತು ಬಿದ್ದುವು. ಅನಂತರ ಉಂಡೆಗಳನ್ನು ಮುಟ್ಟಿದವರಿಲ್ಲ. ಮೂರನೆಯ ದಿನ ಮನೆಯ ಬೆಕ್ಕು, ಹನ್ನೊಂದು ವರ್ಷದಿಂದ ಒಲೆಯ ಬದಿಯಲ್ಲಿ ಮಲಗುತ್ತಿದ್ದ ಬೂದಿಬಣ್ಣದ ಬೆಕ್ಕು, ಹಿತ್ತಲಿನ ತುಳಸಿಯ ಕಟ್ಟೆಯ ಕೆಳಗೆ ಒದ್ದಾಡಿ ಪ್ರಾಣ ಬಿಟ್ಟಿತು. ಅದು ತಿಂದದ್ದು ಉಂಡೆಯನ್ನೋ, ಉಂಡೆ ತಿಂದ ಇಲಿಯನ್ನೋ, ನೋಡಿದವರಿಲ್ಲ.

ಮೇಷ್ಟರ ಹೆಂಡತಿ ಬೆಕ್ಕನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ತೆಂಗಿನ ಬುಡದಲ್ಲಿ ಮಣ್ಣು ಮಾಡಿಸಿದರು. ಆ ಸಂಜೆ ಅವರು ಗಂಡನಿಗೆ ಹೇಳಿದ ಮಾತು ಎರಡೇ: “ಇಲಿ ತನ್ನ ಹೊಟ್ಟೆ ನೋಡಿಕೊಂಡಿತು, ತನ್ನ ಮರಿ ನೋಡಿಕೊಂಡಿತು. ಗಾಡಿ ನೋಡಿಕೊಳ್ಳಿ ಅಂತ ಮಗ ಹೇಳಿಹೋದದ್ದು ಇಲಿಗಲ್ಲ, ನಿಮಗೆ.” ಬೇಸಿಗೆಯ ರಜೆಗೆ ಮೊಮ್ಮಗನು ಬಂದು ಅದೇ ಶೆಡ್ಡಿನಲ್ಲಿ ಗೋಲಿ ಆಡುವುದುಂಟೆಂಬುದು ಮೇಷ್ಟರಿಗೆ ಆಗ ನೆನಪಾಯಿತು. ಎದ್ದು ಹೋಗಿ, ಲಾಟೀನಿನಂತೆ ಫೋನಿನ ಬೆಳಕು ಹಿಡಿದು, ಇಟ್ಟ ಉಂಡೆಗಳನ್ನು ಒಂದೊಂದಾಗಿ ಎಣಿಸಿ ತೆಗೆದು, ಆಳವಾದ ಗುಂಡಿಯಲ್ಲಿ ಹೂತರು. ಇಟ್ಟದ್ದು ಹದಿನಾಲ್ಕು, ಸಿಕ್ಕಿದ್ದು ಹನ್ನೊಂದು. ಆ ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ.

ಇಲಿಯ ಉಪದ್ರವವು ಟ್ರಾಕ್ಟರಿನೊಡನೆ ಹುಟ್ಟಿದುದಲ್ಲ. ಮೇಷ್ಟರ ಹೆಂಡತಿಯ ತವರು ಹಿರಿಯೂರಿನ ಕಡೆ, ವೇದಾವತಿಯ ದಡದ ಹಳ್ಳಿ. ಮಾರಿಕಣಿವೆಯ ನಾಲೆಯ ನೀರು ತಲಪದ ಎತ್ತರದ ಹೊಲಗಳಲ್ಲಿ ಅವರ ತಾತನ ಕಾಲಕ್ಕೆ ಕಪಿಲೆಯ ಬಾವಿಗಳಿದ್ದುವು. ಕಪಿಲೆಯ ಬಾನಿಯೂ ತೊಗಲು, ಎತ್ತಿನ ಮಿಣಿಯೂ ತೊಗಲು. ತೊಗಲು ಮೆತ್ತಗಿರಲೆಂದು ಎಣ್ಣೆ ಸವರುತ್ತಿದ್ದರು. ಎಣ್ಣೆ ಹೀರಿದ ತೊಗಲೆಂದರೆ ಇಲಿಗೆ ಹಬ್ಬದೂಟ. ಆದುದರಿಂದ ಕೆಲಸವಿಲ್ಲದ ದಿನಗಳಲ್ಲಿ ಬಾನಿಯನ್ನೂ ಮಿಣಿಯನ್ನೂ ನೆಲಕ್ಕೆ ಬಿಡುತ್ತಿರಲಿಲ್ಲ. ಹಜಾರದ ನಡುತೊಲೆಯಿಂದ, ಗೋಡೆಗೆ ತಾಕದಂತೆ, ಮೊಸರಿನ ಗಡಿಗೆಯನ್ನು ನೆಲುವಿನಲ್ಲಿ ಇಡುವ ಹಾಗೆ ತೂಗಹಾಕುತ್ತಿದ್ದರು. ಮನೆಯ ಯಜಮಾನನು ಮಲಗುತ್ತಿದ್ದುದು ಅದರ ಕೆಳಗೆ. ಬಿತ್ತನೆ ಮುಗಿದ ದಿನವೇ ಕೂರಿಗೆಯ ಬಿದಿರಿನ ಕೊಳವೆಗಳನ್ನು ಕಲ್ಲಿಗೆ ಕುಟ್ಟಿ, ಒಂದು ಕಾಳೂ ಉಳಿಯದಂತೆ ಕೊಡವಿ, ಅಟ್ಟಕ್ಕೆ ಏರಿಸುತ್ತಿದ್ದರು. “ಕಾಳು ಉಳಿದ ಕೂರಿಗೆಗೆ ಇಲಿ ಮೂರನೆಯ ಎತ್ತು” ಎಂದು ಆಕೆಯ ತಾತ ಹೇಳುತ್ತಿದ್ದರಂತೆ.

ಮೇಷ್ಟರು ಇದನ್ನು ಕೇಳುತ್ತಿದ್ದಾಗ ಅವರಿಗೆ ಚಿತ್ರದುರ್ಗದ ಕೋಟೆ ನೆನಪಿಗೆ ಬಂದಿತು. ವರ್ಷ ವರ್ಷವೂ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಕಣಜಗಳನ್ನೂ, ಎಣ್ಣೆಯ ಕೊಳಗಳನ್ನೂ, ಮದ್ದು ಬೀಸುವ ಕಲ್ಲುಗಳನ್ನೂ ತೋರಿಸಿ, ನಾಯಕರ ಶೌರ್ಯವನ್ನು ವರ್ಣಿಸಿದವರು ಅವರು. ಮುತ್ತಿಗೆಯ ತಿಂಗಳುಗಳಲ್ಲಿ ಆ ಕೋಟೆಯನ್ನು ಕಾದವರು ಬುರುಜಿನ ಮೇಲಿನ ವೀರರು ಮಾತ್ರವಲ್ಲ, ಕಣಜದ ಕಾಳನ್ನು ಕಾಪಾಡಿದವರೂ ಹೌದೆಂಬ ಮಾತನ್ನು ಮಕ್ಕಳಿಗೆ ಹೇಳಿರಲಿಲ್ಲವಲ್ಲ ಎಂದು ಈಗ ಅನ್ನಿಸಿತು. ಬಯಲುಸೀಮೆಯ ಹಳ್ಳಿಗಳ ಹಗೇವೂ ಇಂತಹುದೇ ಕಾಪು. ನೆಲದೊಳಗೆ ತೋಡಿದ ಆ ಹೊಂಡದ ಬಾಯನ್ನು ಕಲ್ಲಿನಿಂದಲೂ ಮಣ್ಣಿನಿಂದಲೂ ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಹುಳುವಿಗೆ ಉಸಿರಿಲ್ಲ, ಇಲಿಗೆ ದಾರಿಯಿಲ್ಲ. ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿದ್ದಿತು. ಇಂಗ್ಲೆಂಡಿನ ಹಳೆಯ ಒಕ್ಕಲಿಗರು ತಮ್ಮ ಕಣಜದ ಮನೆಗಳನ್ನು ಅಣಬೆಯಾಕಾರದ ಕಲ್ಲುಗಳ ಮೇಲೆ ನಿಲ್ಲಿಸುತ್ತಿದ್ದರು. ಕಂಬವನ್ನು ಹತ್ತಿದ ಇಲಿಯು ಚಾಚಿದ ತಲೆಗಲ್ಲನ್ನು ದಾಟಲಾರದೆ ಹಿಂದಿರುಗುತ್ತಿದ್ದಿತು. ಬಂದರಿನಲ್ಲಿ ಹಡಗು ಕಟ್ಟುವ ಹಗ್ಗಕ್ಕೆ ತಗಡಿನ ಬಿಲ್ಲೆ ತೊಡಿಸುವುದೂ, ಹಿರಿಯೂರು ಹೊಸದುರ್ಗಗಳ ತೋಟಗಳಲ್ಲಿ ತೆಂಗಿನ ಕಾಂಡಕ್ಕೆ ನುಣುಪಾದ ತಗಡಿನ ಪಟ್ಟಿ ಸುತ್ತುವುದೂ ಅದೇ ಯುಕ್ತಿ. ಈ ಉಪಾಯಗಳಲ್ಲಿ ಒಂದರಲ್ಲಿಯೂ ಕೊಲ್ಲುವ ಪ್ರಸ್ತಾಪವಿಲ್ಲ, ದಾರಿ ತಪ್ಪಿಸುವುದಷ್ಟೇ.

ಆ ಶ್ರಾವಣದಲ್ಲಿ ಹೆಂಡತಿಯ ತವರಿನ ಕಡೆಯ ಒಂದು ಮದುವೆಗೆ ಹಿರಿಯೂರಿಗೆ ಹೋದಾಗ ಮೇಷ್ಟರು ಬಬ್ಬೂರು ಫಾರಮಿಗೂ ಹೋಗಿಬಂದರು. ಕೃಷಿ ಸಂಶೋಧನೆಯ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಅಲ್ಲಿಯೇ ಇರುವುವು. ಅಲ್ಲಿ ಕೇಳಿದುದನ್ನೂ, ಬಳಿಕ ಪುಸ್ತಕಗಳಲ್ಲಿ ಓದಿದುದನ್ನೂ ಅವರು ಪಾಠದ ಟಿಪ್ಪಣಿಯಂತೆ ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿರುವರು.

ಇಲಿಗೆ ವೈರಿನ ಮೇಲೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ. ಅದರ ಮುಂಬಲ್ಲುಗಳು ಸಾಯುವವರೆಗೂ ಬೆಳೆಯುತ್ತಲೇ ಇರುವುವು; ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ಸವೆಸದಿದ್ದರೆ ಬಾಯಿ ಮುಚ್ಚಲಾಗದೆ ಹಸಿವಿನಿಂದ ಸಾಯಬೇಕು. ಆ ಹಲ್ಲಿನ ಹೊರಪದರವು ತಾಮ್ರದ ತಂತಿಗಿಂತ ಗಟ್ಟಿ. ಈಗಿನ ವೈರುಗಳ ಹೊದಿಕೆಯಲ್ಲಿ ಸೋಯಾ ಅವರೆಯ ಅಂಶವಿರುವುದರಿಂದಲೇ ಇಲಿಗಳು ಅದನ್ನು ತಿನ್ನುವುವೆಂದು ಅಮೆರಿಕದಲ್ಲಿ ಕೆಲವು ವಾಹನದ ಒಡೆಯರು 2016ರ ಸುಮಾರಿಗೆ ನ್ಯಾಯಾಲಯಕ್ಕೆ ಹೋದುದುಂಟು. ಆದರೆ ಸೋಯಾ ಬರುವುದಕ್ಕೆ ಮುಂಚಿನ ವೈರುಗಳನ್ನೂ ಇಲಿ ಬಿಟ್ಟಿರಲಿಲ್ಲ. ಅದಕ್ಕೆ ಬೇಕಾದುದು ಹಲ್ಲಿಗೆ ಕೆಲಸ, ಮರಿಗೆ ಮೆತ್ತೆ, ಮೈಗೆ ಮರೆ. ಗರ್ಭ ಧರಿಸಿದ ಮೂರು ವಾರಗಳಲ್ಲಿ ಹೆರುವುದು. ಹುಟ್ಟಿದ ಹೆಣ್ಣುಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ತಾಯಿಯಾಗುವುವು. ಸಂಕ್ರಾಂತಿಯಿಂದ ರೋಹಿಣಿಯವರೆಗಿನ ನಾಲ್ಕೂವರೆ ತಿಂಗಳಲ್ಲಿ ಒಂದು ಜೋಡಿಯ ಸಂಸಾರ ಎಷ್ಟಾಗಿರಬಹುದೆಂಬುದನ್ನು ಲೆಕ್ಕದ ಮೇಷ್ಟರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಲಿಯ ಇನ್ನೆರಡು ಗುಣಗಳು ಅವರಿಗೆ ಕೌತುಕವೆನಿಸಿದುವು. ಒಂದು, ಅದು ಗೋಡೆಯನ್ನು ಬಿಟ್ಟು ನಡೆಯಲಾರದು. ಮೀಸೆಯಿಂದ ಗೋಡೆಯನ್ನು ಸವರುತ್ತ, ನಿನ್ನೆ ನಡೆದ ದಾರಿಯಲ್ಲಿಯೇ ಇಂದೂ ನಡೆಯುವುದು. ಇನ್ನೊಂದು, ಹೊಸತನ್ನು ಕಂಡರೆ ಅದಕ್ಕೆ ಭಯ. ನಿನ್ನೆ ಇಲ್ಲದ ಬೋನನ್ನೂ ನಿನ್ನೆ ಇಲ್ಲದ ತಿಂಡಿಯನ್ನೂ ಅದು ನಾಲ್ಕಾರು ದಿನ ಸಂಶಯದಿಂದ ನೋಡುವುದು. ತಿಂದು ಹೊಟ್ಟೆ ಕೆಟ್ಟರೆ ಮತ್ತೆ ಮುಟ್ಟದು. ಮೇಷ್ಟರ ಉಂಡೆಗಳು ಎರಡನೆಯ ರಾತ್ರಿಯಿಂದ ಹಾಗೆಯೇ ಉಳಿದುದು ಈ ಕಾರಣದಿಂದ. ಇದನ್ನು ಬರೆದುಕೊಳ್ಳುವಾಗ ಅವರಿಗೆ ನಗು ಬಂದಿತಂತೆ. ಹೊಸತನ್ನು ಕಂಡು ಹೆದರಿ ದೂರವಿರುವ ಪ್ರಾಣಿ ಶೆಡ್ಡಿನಲ್ಲಿ ಇಲಿಯೊಂದೇ ಆಗಿರಲಿಲ್ಲವಷ್ಟೆ.

ಶೆಡ್ಡಿನ ವ್ಯವಸ್ಥೆ ಭಾದ್ರಪದದಲ್ಲಿ ಆರಂಭವಾಯಿತು. ಮೊದಲು ಕಾಳನ್ನೂ ಯಂತ್ರವನ್ನೂ ಬೇರ್ಪಡಿಸಿದರು. ಇನ್ನು ಮೇಲೆ ಮೆಕ್ಕೆಜೋಳಕ್ಕೆ ತಗಡಿನ ಬಾಗಿಲಿನ ಬೇರೆ ಕೋಣೆ. ಅಲ್ಲಿ ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ. ಬಳಿಕ ಶುದ್ಧಿ. ಒಣಗಿದ ಹಿಕ್ಕೆಯನ್ನು ಹಾಗೆಯೇ ಗುಡಿಸಿದರೆ ಅದರ ಧೂಳು ಉಸಿರಿಗೆ ಸೇರಿ ರೋಗಕ್ಕೆ ಕಾರಣವಾಗಬಹುದು. ಇಲಿಜ್ವರವಾದರೋ ಇಲಿಯ ಮೂತ್ರ ಬಿದ್ದ ನೀರಿನಿಂದಲೂ ಹಸಿಮಣ್ಣಿನಿಂದಲೂ, ಕೈಕಾಲುಗಳ ಸಣ್ಣ ಗಾಯದ ಮೂಲಕ, ಮೈಗೆ ಸೇರುವುದು. ಆದುದರಿಂದ ಮೂಗಿಗೆ ಬಟ್ಟೆ ಕಟ್ಟಿ, ಕೈಗೆ ರಬ್ಬರಿನ ಚೀಲ ತೊಟ್ಟು, ಕಾಲಿಗೆ ಬೂಟು ಹಾಕಿ, ಕ್ರಿಮಿನಾಶಕ ಬೆರೆಸಿದ ನೀರನ್ನು ಚಿಮುಕಿಸಿ ನೆನೆಸಿದ ಮೇಲೆಯೇ ಎತ್ತಿದರು. ಆಸನದ ಸಂದಿಯ ಮಂಡಕ್ಕಿಯನ್ನು ಮೇಷ್ಟರ ಹೆಂಡತಿ ತಾವೇ ಆಯ್ದು, “ದೇವರು ಇದನ್ನು ಆಗಲೇ ಉಂಡಾಗಿದೆ, ಇದು ಎಂಜಲು” ಎಂದು ತಿಪ್ಪೆಗೆ ಹಾಕಿದರು.

ಮೂರನೆಯದು ದಾರಿಯ ಬಂದೋಬಸ್ತು. ಹೆಬ್ಬೆರಳು ತೂರದ ಸಂದಿಯಲ್ಲಿ ಇಲಿ ತೂರುವುದು. 6 ಮಿಲಿಮೀಟರು ತೆರಪಿದ್ದರೆ ಸುಂಡಿಲಿಗೆ ಸಾಕು. ಬಾಗಿಲಿನ ಅಡಿಗೆ ತಗಡಿನ ಪಟ್ಟಿ ಹೊಡೆಸಿದರು. ಸೂರಿನ ಸಂದಿಗಳಿಗೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ, ನೆಲದ ಬಿಲಗಳಿಗೆ ಗಾಜಿನ ಚೂರು ಸೇರಿಸಿದ ಸಿಮೆಂಟು. ಗೋಡೆಗೆ ಒರಗಿದ್ದ ಹಳೆಯ ನೇಗಿಲು, ಚೀಲ, ಕೊಳವೆಗಳ ರಾಶಿಯನ್ನು ತೆಗೆಸಿದರು. ಟ್ರಾಕ್ಟರು ಈಗ ನಾಲ್ಕು ಗೋಡೆಗಳಿಂದಲೂ ದೂರವಾಗಿ ಶೆಡ್ಡಿನ ನಡುವೆ ನಿಲ್ಲುವುದು. ಯಾವ ದಿಕ್ಕಿನಿಂದ ಬಂದರೂ ಇಲಿ ಬಯಲನ್ನು ದಾಟಿಯೇ ಬರಬೇಕು. ಅದರ ಬಾನೆಟ್ಟು ತೆರೆದೇ ಇರುವುದು. ಬೆಳಕು ಬೀಳುವ ಜಾಗದಲ್ಲಿ ಇಲಿ ಗೂಡು ಕಟ್ಟಲೊಲ್ಲದು. ನೆಲಕ್ಕೆ ಇಳಿಬೀಳುತ್ತಿದ್ದ ಟಾರ್ಪಾಲನ್ನು ಕಿತ್ತುಹಾಕಿದರು. ಧೂಳಿನಿಂದ ಕಾಪಾಡಲೆಂದು ಹೊದಿಸಿದ್ದ ಅದೇ ಟಾರ್ಪಾಲು ಇಲಿಗೆ ಏಣಿಯೂ ಡೇರೆಯೂ ಆಗಿದ್ದಿತು.

ಪೇಟೆಯಲ್ಲಿ ಮಾರುವ ಉಪಾಯಗಳು ಅನೇಕ. ನುಸಿಗುಳಿಗೆ, ಹೊಗೆಸೊಪ್ಪು, ಪುದೀನದ ಎಣ್ಣೆ ಇವುಗಳ ವಾಸನೆ ನಾಲ್ಕು ದಿನಕ್ಕೆ ಹಾರಿಹೋಗುವುದು. ಇಲಿಯ ಮೂಗಿಗೂ ಅಷ್ಟರಲ್ಲಿ ಅಭ್ಯಾಸವಾಗುವುದು. ಮನುಷ್ಯರ ಕಿವಿಗೆ ಕೇಳದ ಶಬ್ದದಿಂದ ಇಲಿಯನ್ನು ಓಡಿಸುವೆವೆನ್ನುವ ಪೆಟ್ಟಿಗೆಗಳ ಸಂಗತಿಯೂ ಅಷ್ಟೆ. ಅಂತಹ ಮಾತಿಗೆ ಶಾಸ್ತ್ರೀಯವಾದ ಆಧಾರವಿರಬೇಕೆಂದು ಅಮೆರಿಕದ ವ್ಯಾಪಾರ ಆಯೋಗವು 2001ರಲ್ಲಿಯೇ ಅವುಗಳ ತಯಾರಕರಿಗೆ ಎಚ್ಚರಿಕೆ ಕೊಟ್ಟಿದ್ದಿತು. ಮೆಣಸಿನಕಾಯಿಯ ಖಾರವನ್ನು ಸೇರಿಸಿದ ಪಟ್ಟಿಯನ್ನು ವೈರಿಗೆ ಸುತ್ತುವುದು ಇವೆಲ್ಲಕ್ಕಿಂತ ಬುದ್ಧಿವಂತಿಕೆಯ ಕೆಲಸ. ಹೊಸ ವೈರುಗಳನ್ನಾದರೂ ಉಕ್ಕಿನ ಎಳೆಯ ಕೊಳವೆಯೊಳಗೆ ತೂರಿಸಿದರೆ ಇನ್ನೂ ಮೇಲು.

ಇಷ್ಟಾದರೂ ಒಳಗೆ ಉಳಿದ ಇಲಿಗೆ ಇಲಿಗತ್ತರಿಯುಂಟು. ಅದನ್ನು ಗೋಡೆಗೆ ಅಡ್ಡಲಾಗಿ, ತಿಂಡಿಯ ತುದಿ ಗೋಡೆಯ ಕಡೆಗಿರುವಂತೆ ಇಡಬೇಕು; ಮೊದಲ ಮೂರು ನಾಲ್ಕು ದಿನ ಬಿಗಿಯದೆ ಬರಿದೆ ತಿಂಡಿಯನ್ನಿಟ್ಟು ಸಲಿಗೆ ಬೆಳೆಸಿ, ಆಮೇಲೆ ಬಿಗಿಯಬೇಕು. ವಿಷಕ್ಕೆ ಎಲ್ಲದರ ಕೊನೆಯ ಸ್ಥಾನ. ಸತುವಿನ ಫಾಸ್ಫೈಡು ಹೊಟ್ಟೆಯ ಆಮ್ಲದೊಡನೆ ಸೇರಿ ವಿಷವಾಯುವಾಗುವುದು, ಅದಕ್ಕೆ ಪ್ರತಿವಿಷವಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬ್ರೋಮಡಯೊಲೋನಿನಂತಹ ಮದ್ದುಗಳನ್ನು ತಿಂದ ಇಲಿ ಕೆಲವು ದಿನ ಮಂಕಾಗಿ ತಿರುಗಾಡಿ, ಗೂಬೆಗೂ ಬೆಕ್ಕಿಗೂ ಸುಲಭವಾಗಿ ಸಿಕ್ಕಿ, ವಿಷವನ್ನು ಅವುಗಳಿಗೆ ದಾಟಿಸುವುದು. ಇಲಿಯ ಮೇಲೆ ಹೂಡಿದ ಬಾಣವು ಇಲಿಯ ಶತ್ರುವಿಗೇ ತಗಲುವುದೆಂದರೆ, ಕೋಟೆಯ ಕಾವಲುಗಾರರನ್ನು ಒಳಗಿನವರೇ ಕೊಂದಂತೆ. ಬಳಸಲೇಬೇಕಾದರೆ ಮಕ್ಕಳ ಕೈಗೂ ಬೇರೆ ಪ್ರಾಣಿಗಳ ಬಾಯಿಗೂ ಎಟಕದ, ಬೀಗವುಳ್ಳ ಪೆಟ್ಟಿಗೆಯಲ್ಲಿ ಇಟ್ಟು, ಎಷ್ಟು ಇಟ್ಟೆವೆಂಬ ಲೆಕ್ಕವನ್ನೂ ಸತ್ತ ಇಲಿಗಳನ್ನು ಹೂಳುವ ಹೊಣೆಯನ್ನೂ ಹೊರಬೇಕು. ಹದಿನಾಲ್ಕರಲ್ಲಿ ಹನ್ನೊಂದು ಸಿಕ್ಕಿದ ರಾತ್ರಿಯನ್ನು ಮರೆಯದ ಮೇಷ್ಟರು ಅದನ್ನು ಮತ್ತೆ ಮನೆಗೆ ತಂದಿಲ್ಲ.

ಕಣಜದ ಗೂಬೆಯೆಂಬ ಬಿಳಿಯ ಮುಖದ ಹಕ್ಕಿಯನ್ನು ಅಪಶಕುನವೆಂದು ಹಳ್ಳಿಗಳಲ್ಲಿ ಕಲ್ಲು ಹೊಡೆದು ಓಡಿಸುವುದುಂಟು. ಅದರ ಹೆಸರೇ ಅದರ ಉದ್ಯೋಗವನ್ನು ಸಾರುವುದು. ಇಸ್ರೇಲಿನಲ್ಲಿ 1983ರಿಂದ ಹೊಲಗಳ ನಡುವೆ ಪೆಟ್ಟಿಗೆಗಳನ್ನು ನಿಲ್ಲಿಸಿ ಈ ಗೂಬೆಗೆ ಮನೆಮಾಡಿಕೊಟ್ಟಿರುವರು. ಮಲೇಶಿಯದ ತಾಳೆತೋಟಗಳಲ್ಲಿಯೂ ಅದೇ ಪದ್ಧತಿಯುಂಟು. ಮೇಷ್ಟರ ತೋಟದ ಹಳೆಯ ಪಂಪಿನ ಮನೆಯ ಸೂರಿನಲ್ಲಿ ಒಂದು ಜೋಡಿ ಸೇರಿಕೊಂಡಾಗ, ಅದನ್ನು ಓಡಿಸಲು ಬಂದ ಹುಡುಗರನ್ನು ಅವರು ತರಗತಿಯಲ್ಲಿ ಗದರಿಸಿದ ಹಾಗೆ ಗದರಿಸಿ ಕಳುಹಿಸಿದರು. ಕೇರೆಹಾವಿಗೂ ಆ ಮನೆಯಲ್ಲಿ ಈಗ ಅಭಯ ದೊರೆತಿದೆ. ಅದಕ್ಕೆ ಮಾತ್ರ ಮೇಷ್ಟರ ಹೆಂಡತಿಯ ಒಪ್ಪಿಗೆ ಪೂರ್ಣವಾಗಿ ಸಿಕ್ಕಿಲ್ಲ.

ಇಲಿಗೂ ಮನುಷ್ಯನ ಗೈರುಹಾಜರಿಗೂ ಇರುವ ನಂಟು ಹಳೆಯದು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂದಾಗ, ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನರು ಮನೆಗೆ ಬೀಗ ಹಾಕಿ, ಊರ ಹೊರಗೆ ಗುಡಿಸಲು ಕಟ್ಟಿಕೊಂಡು ಹೋಗುತ್ತಿದ್ದರು. ಆ ರೋಗವನ್ನು ಇಲಿಯ ಮೈಮೇಲಿನ ಚಿಗಟ ಹರಡುವುದೆಂಬುದನ್ನು ಸೀಮೋನನೆಂಬ ಫ್ರೆಂಚ್ ವೈದ್ಯನು ಅದೇ ವರ್ಷ ಕರಾಚಿಯಲ್ಲಿ ಕಂಡುಹಿಡಿದನು. ಅಂದು ಇಲಿಯ ಭಯದಿಂದ ಮನುಷ್ಯನು ಮನೆ ಬಿಟ್ಟನು. 2020ರಲ್ಲಿ ಇದು ತಲೆಕೆಳಗಾಯಿತು. ಕೊರೋನದ ದಿಗ್ಬಂಧನದಲ್ಲಿ ಜನರು ಮನೆಯೊಳಗೆ ಉಳಿದರು, ವಾಹನಗಳು ತಿಂಗಳುಗಟ್ಟಲೆ ನಿಂತಲ್ಲೇ ನಿಂತುವು. ಬಾಗಿಲು ತೆರೆದು ಬಂದವರನ್ನು ಎಷ್ಟೋ ಕಡೆ ಸ್ವಾಗತಿಸಿದ್ದು ಕಡಿದ ವೈರು. ಈಗ ದಿಗ್ಬಂಧನವಿಲ್ಲ. ಆದರೂ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಹಳ್ಳಿಗಳಲ್ಲಿ ಮಕ್ಕಳು ಬೆಂಗಳೂರಿಗೆ ಹೋದ ಮನೆಗಳ ಅಂಗಳದಲ್ಲಿ ಟಾರ್ಪಾಲು ಹೊದ್ದು ನಿಂತ ಗಾಡಿಗಳು ಕಾಣುವುವು. ಚಲಿಸುವ ವಾಹನದಲ್ಲಿ ಇಲಿ ಸಂಸಾರ ಹೂಡದು. ನಿಂತ ವಾಹನವು ಇಲಿಯ ಪಾಲಿಗೆ ಒಂದು ಬೆಟ್ಟ. ಬೆಟ್ಟದಲ್ಲಿ ಗುಹೆಗಳಿರುವುದು ಸಹಜ. ಜಾಲರಿ, ಬೋನು, ಖಾರದ ಪಟ್ಟಿ ಎಲ್ಲವೂ ಬೇಕಾದುವೇ. ಆದರೆ ಅವೆಲ್ಲವೂ ಸೇರಿ ಒಡೆಯನ ಕಾಲಸಪ್ಪಳಕ್ಕೆ ಸಮವಾಗಲಾರವು.

ಗಣಪತಿಯ ಹಬ್ಬದ ಸಂಜೆ ಮಗನು ಫೋನು ಮಾಡಿ, ಯಥಾಪ್ರಕಾರ, “ಗಾಡಿ ಹೇಗಿದೆ, ಅಪ್ಪಾಜಿ?” ಎಂದನು. ಮೇಷ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಪ್ಪ, ನಾನು ನಿನಗೆ ಸುಳ್ಳು ಹೇಳಿದೆ. ಸಂಕ್ರಾಂತಿಯಾದ ಮೇಲೆ ಒಂದೇ ಒಂದು ಸಲ ಚಾಲೂ ಮಾಡಿದ್ದು. ನನಗೆ ಅದರ ಹೆದರಿಕೆ” ಎಂದರು. ಆ ಕಡೆಯೂ ಸ್ವಲ್ಪ ಹೊತ್ತು ಮೌನ. ಬಳಿಕ ಮಗನು, “ನನಗೆ ಅವತ್ತೇ ಗೊತ್ತಾಯಿತು, ಅಪ್ಪಾಜಿ. ಕೇಳಿದರೆ ನಿಮಗೆ ಬೇಜಾರಾಗುತ್ತೆ ಅಂತ ಕೇಳಲಿಲ್ಲ. ಈ ಸಲ ಬಂದಾಗ ಇನ್ನೊಂದು ಸಲ ಹೇಳಿಕೊಡ್ತೀನಿ” ಎಂದನು. ಮುಂದಿನ ತಿಂಗಳು ಎರಡು ದಿನದ ರಜೆಯಲ್ಲಿ ಬಂದು ಹೇಳಿಕೊಟ್ಟನು. ಅರವತ್ತಾರನೆಯ ವರ್ಷದಲ್ಲಿ ಮೇಷ್ಟರು ಶಿಷ್ಯರಾದರು. ಕಣದ ಬೇಲಿಗೆ ಒಮ್ಮೆ ಗಾಡಿ ತಾಕಿದುದನ್ನು ಬಿಟ್ಟರೆ ವಿದ್ಯೆ ಸುಸೂತ್ರವಾಗಿ ಮುಗಿಯಿತು.

ಆ ವರ್ಷದ ಆಯುಧಪೂಜೆಯ ಮಂಡಕ್ಕಿಯನ್ನು ಗಾಡಿಯ ಮೇಲೆ ಚೆಲ್ಲಲಿಲ್ಲ. ಅಂಗಳದಲ್ಲಿ ಮಕ್ಕಳಿಗೆ ಹಂಚಿದರು. ಪೂಜೆಯಾದ ಮರುದಿನವೇ ಹೂವು, ಬಾಳೆಕಂದು, ಕುಂಬಳದ ಹೋಳು ಎಲ್ಲವೂ ತಿಪ್ಪೆ ಸೇರಿದುವು. ದಸರೆಯ ರಜೆಗೆ ಬಂದಿದ್ದ ಮೊಮ್ಮಗನನ್ನು ಮೇಷ್ಟರು ಬಯಲು ಗಣಪತಿಯ ದರ್ಶನಕ್ಕೆ ಕರೆದೊಯ್ದಾಗ ಅವನೂ ಎಲ್ಲ ಮಕ್ಕಳು ಕೇಳುವ ಪ್ರಶ್ನೆಯನ್ನೇ ಕೇಳಿದನು: ಇಷ್ಟು ದೊಡ್ಡ ದೇವರಿಗೆ ಅಷ್ಟು ಚಿಕ್ಕ ವಾಹನವೇಕೆ, ತಾತ? ಮೇಷ್ಟರು ಹಳೆಯ ಎರಡು ಉತ್ತರಗಳನ್ನೂ ಹೇಳಲಿಲ್ಲ. “ಇಲಿಯನ್ನು ಸುಮ್ಮನೆ ಬಿಟ್ಟರೆ ಏನು ಮಾಡುತ್ತೆ ಅಂತ ದೇವರಿಗೆ ಗೊತ್ತು ಮರಿ. ಅದಕ್ಕೇ ದಿನಾ ಕೆಲಸ ಕೊಟ್ಟಿದ್ದಾನೆ” ಎಂದರು.

ಈಗ ಸೋಮವಾರದ ಬೆಳಗ್ಗೆ ಏಳು ಗಂಟೆಗೆ ಆ ಮನೆಯ ಕಣದಲ್ಲಿ ಟ್ರಾಕ್ಟರಿನ ಸದ್ದು ಕೇಳುವುದು. ಮೇಷ್ಟರು ಮೊದಲು ಬಾನೆಟ್ಟನ್ನು ತಟ್ಟಿ, ಒಳಗೆ ಇಣಿಕಿ ನೋಡಿ, ಆಮೇಲೆ ಕೀಲಿ ತಿರುಗಿಸುವರು. ಕಣದಿಂದ ಹೊರಬಿದ್ದು ಕೆರೆಯ ಏರಿಯವರೆಗೆ ಹೋಗಿ, ಯಂತ್ರ ಚೆನ್ನಾಗಿ ಬಿಸಿಯಾದ ಮೇಲೆ ಹಿಂದಿರುಗುವರು. ಜಗುಲಿಯ ಮೇಲೆ ಮನೆಯ ಹೊಸ ಬೆಕ್ಕಿನ ಮರಿ ಕಿವಿ ನಿಮಿರಿಸಿ ನೋಡುತ್ತಿರುವುದು. ಫೋನು ಹೆಂಡತಿಯ ಕೈಯಲ್ಲಿರುವುದು; ಬೆಂಗಳೂರಿನಲ್ಲಿ ಕಾರ್ಖಾನೆಗೆ ಹೊರಡುವ ಮಗನು ಆ ಸದ್ದನ್ನು ಒಂದು ನಿಮಿಷ ಕೇಳಿ, “ಸರಿಯಾಗಿದೆ, ಅವ್ವ” ಎಂದು ಹೇಳಿ ಬಸ್ಸು ಹತ್ತುವನು.